ಓಡದೇ ಇರುವ ‘ರನ್’ಗಳು

16 ಜುಲೈ 2025, ಬುಧವಾರ

ಇವತ್ತಿಡೀ ‘ರನ್’ ಎಂಬ ಒಂದೇ ಇಂಗ್ಲಿಷ್ ಪದದ ಹಿಂದೆ ಬಿದ್ದಿದ್ದೆ. ನೀರಿನ ಪಂಪ್ ಒಂದರ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ. ಪಂಪನ್ನು ಹತ್ತು ನಿಮಿಷ ರನ್ ಮಾಡಿ ಎನ್ನುತ್ತದೆ ಒಂದು ಸಾಲು. ಕೇಬಲನ್ನು ಗೋಡೆಗುಂಟ ರನ್ ಮಾಡಿ ಎನ್ನುತ್ತದೆ ಇನ್ನೊಂದು. ಟ್ಯಾಂಕಿನ ನೀರು ‘ರನ್ ಲೋ’ ಆದರೆ ಏನು ಮಾಡಬೇಕು ಎಂದು ಮತ್ತೊಂದು. ಮೊದಲನೆಯದಕ್ಕೆ ‘ಓಡಿಸಿ’ ಸಾಕು. ಎರಡನೆಯದಕ್ಕೆ ‘ಎಳೆಯಿರಿ’ ಬೇಕು, ಕೇಬಲನ್ನು ಯಾರೂ ಓಡಿಸುವುದಿಲ್ಲ. ಮೂರನೆಯದರಲ್ಲಿ ಓಟದ ಸುದ್ದಿಯೇ ಇಲ್ಲ, ನೀರು ಕಡಿಮೆಯಾಗುತ್ತದೆ ಅಷ್ಟೆ.

ಅಷ್ಟರಲ್ಲಿ ‘ಡ್ರೈ ರನ್’ ಬಂತು. ಸುಮ್ನೆ ನೋಡೋಣ ಅಂತ ಆ ಸಾಲನ್ನು ಅನುವಾದ ಯಂತ್ರಕ್ಕೆ ಕೊಟ್ಟೆ. ‘ಒಣ ಓಟ ಮಾಡಬೇಡಿ’ ಎಂದು ಗಂಭೀರವಾಗಿ ಉತ್ತರ ಕೊಟ್ಟಿತು! ಆಫೀಸಿನಲ್ಲಿ ಡ್ರೈ ರನ್ ಎಂದರೆ ತಾಲೀಮು. ಮಾಡಿದಷ್ಟೂ ಒಳ್ಳೆಯದು. ಪಂಪಿನ ವಿಷಯದಲ್ಲಿ ಅದೇ ಡ್ರೈ ರನ್ ದೊಡ್ಡ ಅಪರಾಧ. ಪಂಪಿನ ಒಳಗಿನ ಸೀಲು, ಅಂದರೆ ನೀರು ಸೋರದಂತೆ ತಡೆಯುವ ಭಾಗ, ತಣ್ಣಗಿರುವುದು, ಸವೆಯದೆ ಉಳಿಯುವುದು ಅದರ ಮೂಲಕ ಹಾದುಹೋಗುವ ನೀರಿನಿಂದಲೇ. ನೀರಿಲ್ಲದೆ ತಿರುಗಿದರೆ ಸೀಲು ಕಾದು ಸುಟ್ಟುಹೋಗುತ್ತದೆ. ಪದ ಒಂದೇ. ಒಂದು ಕಡೆ ‘ಖಂಡಿತ ಮಾಡಿ’, ಇನ್ನೊಂದು ಕಡೆ ‘ಖಂಡಿತ ಬೇಡ’. ‘ನೀರಿಲ್ಲದೆ ಪಂಪ್ ಓಡಿಸಬೇಡಿ’ ಎಂದು ಬರೆದು ಆ ಪುಟ ಮುಗಿಸಿದೆ. ತಲೆಯಲ್ಲಿ ಮಾತ್ರ ‘ರನ್’ ಮುಗಿಯಲಿಲ್ಲ.

ಆಕ್ಸ್‌ಫರ್ಡ್‌ನ ದೊಡ್ಡ ಇಂಗ್ಲಿಷ್ ನಿಘಂಟಿನ ಕಥೆ ಮೊದಲೇ ಓದಿದ್ದೆ. 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಅರ್ಥಗಳಿದ್ದ ಪದ ‘ಸೆಟ್’. ಅದರ ಕ್ರಿಯಾಪದಕ್ಕೇ 430 ಅರ್ಥಗಳು. ಆಮೇಲೆ ನಿಘಂಟನ್ನು ಪರಿಷ್ಕರಿಸುತ್ತಾ ಹೋದಾಗ ‘ರನ್’ ಮುಂದೆ ಬಂತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಅದೊಂದೇ ಪದದ ಮೇಲೆ ಸುಮಾರು ಒಂಬತ್ತು ತಿಂಗಳು ಕೂತು ಕ್ರಿಯಾಪದದ 645 ಅರ್ಥಗಳನ್ನು ಬೇರೆ ಬೇರೆ ಮಾಡಿದರು. ಒಂಬತ್ತು ತಿಂಗಳು! ಅದೂ ಮೂರಕ್ಷರದ ಒಂದು ಪದಕ್ಕೆ.

ಹಳೆಯ ನಿಘಂಟುಗಳಿಗೂ ಇದೇ ಪಾಡು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲಿ ‘ಟೇಕ್’ ಪದಕ್ಕೆ 134 ಅರ್ಥಗಳಿವೆ. ಉದ್ದುದ್ದ ಪದಗಳನ್ನು ಕಂಡರೆ ನಾವು ಹೆದರುತ್ತೇವೆ, ಆದರೆ ಅವು ಪಾಪದವು. ಒಂದೋ ಎರಡೋ ಅರ್ಥ ಇಟ್ಟುಕೊಂಡು ತೆಪ್ಪಗಿರುತ್ತವೆ. ನಿಜವಾಗಿ ಕಾಡುವುದು ಗೆಟ್, ಪುಟ್, ಗೋ, ಟೇಕ್, ರನ್. ದಿನಕ್ಕೆ ನೂರು ಸಲ ಬಾಯಿಗೆ ಬರುವ ಪದಗಳು. ಜಾಸ್ತಿ ಬಳಕೆಯಾಗುವ ಪದಗಳಿಗೆ ಅರ್ಥಗಳೂ ಜಾಸ್ತಿ ಎಂಬುದನ್ನು ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಜಿಪ್ಫ್ 1945ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

‘ರನ್’ ಇಷ್ಟು ಬೆಳೆದದ್ದಕ್ಕೆ ಯಂತ್ರಗಳೂ ಕಾರಣ. ಗಡಿಯಾರ ರನ್ ಆಗುತ್ತದೆ, ರೈಲು, ಎಂಜಿನ್, ಕಾರ್ಖಾನೆ ರನ್ ಆಗುತ್ತವೆ, ಈಗ ಪ್ರೋಗ್ರಾಮ್ ಕೂಡ. ಹೊಸ ಯಂತ್ರ ಬಂದಾಗಲೆಲ್ಲ ಇಂಗ್ಲಿಷಿನವರು ಹೊಸ ಕ್ರಿಯಾಪದ ಹುಡುಕಲಿಲ್ಲ. ಇದ್ದದ್ದಕ್ಕೇ ಇನ್ನೊಂದು ಕೆಲಸ ಹಚ್ಚಿದರು. ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ‘ರನ್’ ಆಗುವಾಗ ಕಣ್ಣಿಗೆ ಕಾಣುವಂತೆ ಏನೂ ಅಲುಗಾಡುವುದಿಲ್ಲ. ಆದರೂ ಅದು ರನ್ನೇ.

ನನಗೆ ಹೆಚ್ಚು ಇಷ್ಟವಾಗುವುದು ಇಂಥ, ಯಾರೂ ಓಡದೇ ಇರುವ ರನ್‌ಗಳು. ಕ್ರಿಕೆಟ್ ನೋಡಿ. ಬ್ಯಾಟರ್ ಸಿಕ್ಸರ್ ಹೊಡೆಯುತ್ತಾನೆ. ಚೆಂಡು ಪ್ರೇಕ್ಷಕರ ನಡುವೆ ಬೀಳುತ್ತದೆ. ಇಬ್ಬರೂ ಪಿಚ್ಚಿನ ಮಧ್ಯೆ ನಿಂತು ಗ್ಲೋವ್ಸ್ ತಾಗಿಸಿಕೊಳ್ಳುತ್ತಾರೆ. ಲೆಕ್ಕಕ್ಕೆ ಆರು ‘ರನ್’ ಸೇರಿತು! ಓಡಿದ್ದರೆ ತಾನೇ? ಬಹಳ ಹಿಂದೆ ಇಂಗ್ಲೆಂಡಿನಲ್ಲಿ ರನ್ನನ್ನು ‘ನಾಚ್’ ಎನ್ನುತ್ತಿದ್ದರು. ಲೆಕ್ಕ ಇಡುವವನು ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕುತ್ತಿದ್ದ, ಅದಕ್ಕೆ ಆ ಹೆಸರು. ಸಿಕ್ಸರಿಗೆ ಆರು ಕಚ್ಚು ಎಂದಿದ್ದರೆ ಯಾರೂ ತಕರಾರು ತೆಗೆಯುವಂತಿರಲಿಲ್ಲ.

ಬ್ಯಾಂಕಿನ ಕಥೆ ಇನ್ನೂ ಮಜವಾಗಿದೆ. ಬ್ಯಾಂಕ್ ಮುಳುಗುತ್ತದೆ ಎಂಬ ಭಯಕ್ಕೆ ಠೇವಣಿದಾರರೆಲ್ಲ ಒಟ್ಟಿಗೆ ಹಣ ತೆಗೆಯಲು ಮುಗಿಬಿದ್ದರೆ ಅದು ‘ಬ್ಯಾಂಕ್ ರನ್’. 2007ರಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿಗೆ ಹೀಗಾಯಿತು. ಶಾಖೆಗಳ ಮುಂದೆ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಹೆಸರು ಓಟ, ನಡೆದದ್ದು ನಿಲ್ಲುವ ಕೆಲಸ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 42 ಬಿಲಿಯನ್ ಡಾಲರ್ ಹೊರಹೋಯಿತು. ಈ ಸಲ ಬಹುಪಾಲು ಜನ ಸಾಲಿನಲ್ಲೂ ನಿಲ್ಲಲಿಲ್ಲ. ಕೂತಲ್ಲೇ ಫೋನು, ಲ್ಯಾಪ್‌ಟಾಪ್ ಒತ್ತಿ ಮುಗಿಸಿದರು. ಓಡಿದ್ದು ದುಡ್ಡು ಮಾತ್ರ.

ಸರಿ, ಅರ್ಥ ಇಷ್ಟಿದ್ದರೆ ಸಮಾನಾರ್ಥಕಗಳೂ ರಾಶಿ ಇರಬೇಕಲ್ವಾ? ಇವೆ. ಆದರೆ ಒಂದೊಂದೂ ‘ರನ್’ನ ಒಂದು ತುಂಡಿಗೆ ಮಾತ್ರ ಸಮ. ಕಂಪನಿ ರನ್ ಮಾಡುವುದನ್ನು ‘ಮ್ಯಾನೇಜ್’ ಎನ್ನಬಹುದು, ಯಂತ್ರ ರನ್ ಮಾಡುವುದನ್ನು ‘ಆಪರೇಟ್’. ಪತ್ರಿಕೆ ಒಂದು ಸುದ್ದಿ ರನ್ ಮಾಡಿದರೆ ಅದು ‘ಪಬ್ಲಿಷ್’. ಬಂದೂಕು ರನ್ ಮಾಡುವವನದು ಕಳ್ಳಸಾಗಣೆ, ‘ಸ್ಮಗಲ್’. ಚುನಾವಣೆಗೆ ಅಮೆರಿಕದವರು ‘ರನ್’ ಆಗುತ್ತಾರೆ, ಬ್ರಿಟಿಷರು ‘ಸ್ಟ್ಯಾಂಡ್’ ಆಗುತ್ತಾರೆ. ಅದೇ ಕೆಲಸಕ್ಕೆ ಒಬ್ಬರು ಓಡಿದರೆ ಇನ್ನೊಬ್ಬರು ನಿಲ್ಲುತ್ತಾರೆ, ಇದು ಯಾವಾಗಲೂ ನಗು ತರಿಸುತ್ತದೆ. ನಾವೂ ಚುನಾವಣೆಗೆ ನಿಲ್ಲುವವರೇ.

ಇವುಗಳನ್ನು ಅದಲುಬದಲು ಮಾಡಿದರೆ ಕೆಟ್ಟಿತು. ಮೂಗು ಸೋರುವುದಕ್ಕೂ ಇಂಗ್ಲಿಷಿನಲ್ಲಿ ‘ರನ್’ ಎನ್ನುತ್ತಾರೆ, ಅದರ ಬದಲು ಮೂಗು ‘ಆಪರೇಟ್’ ಆಗುತ್ತಿದೆ ಎಂದರೆ ಕೇಳಿದವರು ಆಸ್ಪತ್ರೆಗೆ ಫೋನ್ ಮಾಡುತ್ತಾರೆ. ‘ಮ್ಯಾನೇಜ್’ಗೆ ಅದರದೇ ಒಂದು ವಾಸನೆ ಇದೆ. ಅದು ಇಟಲಿಯ ಭಾಷೆಯಲ್ಲಿ ಕುದುರೆ ಪಳಗಿಸುವ ಪದದಿಂದ ಬಂದದ್ದು. ಅದಕ್ಕೇ ಏನೋ, ಇವತ್ತಿಗೂ ‘ಹೇಗೋ ಮ್ಯಾನೇಜ್ ಮಾಡಿದೆ’ ಎನ್ನುವಾಗ ಒಂದು ಏದುಸಿರು ಕೇಳಿಸುತ್ತದೆ. ‘ರನ್’ನಲ್ಲಿ ಆ ಏದುಸಿರು ಇಲ್ಲ.

ಸಮಾನಾರ್ಥಕಗಳ ಕೋಶ ಎಂದರೆ ಎಲ್ಲರಿಗೂ ರೋಜೆಟ್ ನೆನಪಾಗುತ್ತಾರೆ. ಪೀಟರ್ ಮಾರ್ಕ್ ರೋಜೆಟ್ ವೃತ್ತಿಯಿಂದ ವೈದ್ಯರು. 1805ರಲ್ಲಿ ತಮ್ಮ ಬಳಕೆಗೆಂದು ಒಂದು ಪಟ್ಟಿ ಮಾಡಿಕೊಂಡಿದ್ದರು. ಅದನ್ನು ಬೆಳೆಸಿ 1852ರಲ್ಲಿ ಅಚ್ಚು ಹಾಕಿಸಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಪದಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸಲಿಲ್ಲ, ವಿಚಾರದ ಪ್ರಕಾರ ಆರು ವರ್ಗ, ಸಾವಿರ ತಲೆಬರಹ ಮಾಡಿದರು. ಅಂದರೆ ಹತ್ತಿರದ ಪದಗಳನ್ನು ಅಕ್ಕಪಕ್ಕ ಕೂರಿಸಿದರು. ಅಕ್ಕಪಕ್ಕ ಕೂತವರೆಲ್ಲ ಅವಳಿಜವಳಿ ಅಲ್ಲ. ಈಗಿನ ಆನ್‌ಲೈನ್ ಪಟ್ಟಿಗಳಲ್ಲಿ ಬಲಗಡೆ ಕ್ಲಿಕ್ ಮಾಡಿ ಒಂದರ ಜಾಗಕ್ಕೆ ಇನ್ನೊಂದನ್ನು ತುರುಕುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಪ್ರಬಂಧದಲ್ಲಿ ಎಲ್ಲಿಂದಲೋ ಎದ್ದು ಬಂದಂಥ ಒಂದು ಭಾರಿ ಪದ ಕಂಡರೆ ನನಗೆ ಮೊದಲು ಅನುಮಾನ ಬರುವುದು ಆ ಕ್ಲಿಕ್ಕಿನ ಮೇಲೆ.

ಸಂಜೆ ಕನ್ನಡದಲ್ಲಿ ‘ರನ್’ನ ಜೋಡಿ ಯಾರು ಎಂದು ಹುಡುಕಿದೆ. ‘ಓಡು’ ಎಂದುಕೊಂಡೇ ಶುರು ಮಾಡಿದ್ದು. ಬಸ್ಸು ಓಡುತ್ತದೆ, ಸಿನಿಮಾ ಓಡುತ್ತದೆ, ಸಮಯ ಓಡುತ್ತದೆ. ಆದರೆ ಬಹಳ ದೂರ ಓಡಲಿಲ್ಲ. ‘ಹರಿ’ ಹಿಡಿದುಕೊಂಡಾಗ ದಾರಿ ತೆರೆಯಿತು. ನದಿ ಹರಿಯುತ್ತದೆ, ಇಂಗ್ಲಿಷಿನಲ್ಲಿ ರನ್. ಲಾರಿ ಮೈಮೇಲೆ ಹರಿಯುತ್ತದೆ, ಅಲ್ಲಿ ‘ರನ್ ಓವರ್’. ಪತ್ರದ ಮೇಲೆ ಕಣ್ಣು ಹರಿಸುತ್ತೇವೆ, ಅವರೂ ಕಣ್ಣನ್ನು ‘ರನ್’ ಮಾಡುತ್ತಾರೆ. ಬೆನ್ನುಹುರಿಯಲ್ಲಿ ಚಳಿ ಹರಿಯುವುದೂ ಅಷ್ಟೆ. ಕೊನೆಗೆ ಬಟ್ಟೆ. ನಮ್ಮಲ್ಲಿ ಬಟ್ಟೆ ಹರಿಯುತ್ತದೆ. ಅಮೆರಿಕದಲ್ಲಿ ತೆಳು ಕಾಲುಚೀಲದ ಒಂದು ಎಳೆ ಬಿಟ್ಟು ಉದ್ದಕ್ಕೆ ಸೀಳು ಬಿದ್ದರೆ ಅದಕ್ಕೂ ‘ರನ್’ ಎನ್ನುತ್ತಾರೆ! ಬ್ರಿಟಿಷರಿಗೆ ಅದು ‘ಲ್ಯಾಡರ್’, ಏಣಿ.

ಇದು ಬರೀ ಕಾಕತಾಳೀಯ ಇರಲಾರದು ಅನ್ನಿಸಿ ಬೇರು ನೋಡಿದೆ. ‘ರನ್’ನ ಹಳೆಯ ರೂಪಗಳಲ್ಲಿ ನೀರಿನ ಹರಿವು ಮೊದಲಿಂದಲೂ ಇತ್ತು. ಜರ್ಮನ್ ಭಾಷೆಯಲ್ಲಿ ಅದರ ಬಂಧುಗಳು ಈಗ ಎರಡು ಪದ. ‘ರೆನ್ನೆನ್’ ಎಂದರೆ ಓಡು, ‘ರಿನ್ನೆನ್’ ಎಂದರೆ ಹರಿ, ಒಸರು. ಇಂಗ್ಲಿಷ್ ಎರಡನ್ನೂ ಒಂದೇ ಪದದಲ್ಲಿ ಉಳಿಸಿಕೊಂಡಿದೆ. ಕಾಲು ಮತ್ತು ನೀರು, ಎರಡೂ ಅದರಲ್ಲಿವೆ.

ಬಟ್ಟೆ ಸೀಳುವ ಅರ್ಥ ಎರಡು ಕಡೆಯೂ ಹೇಗೆ ಬಂತೋ ಅದು ಬೇರೆ ಕಥೆ. ಆದರೆ ‘ಹರಿ’ಯೂ ಎಲ್ಲ ಕಡೆ ಸಲ್ಲುವುದಿಲ್ಲ. ಕಂಪನಿಯನ್ನು ಇಂಗ್ಲಿಷಿನಲ್ಲಿ ಓಡಿಸುತ್ತಾರೆ, ಕನ್ನಡದಲ್ಲಿ ನಡೆಸುತ್ತೇವೆ. ಸಂಸ್ಥೆ, ಸಭೆ, ಸಂಸಾರ ಎಲ್ಲವನ್ನೂ ನಡೆಸುವುದೇ. ಅವರು ಓಡಿಸಿದ ಕಡೆಯೆಲ್ಲ ನಾವು ನಿಧಾನವಾಗಿ ನಡೆಸುತ್ತಿದ್ದೇವೆ. ಅಲ್ಲೆಲ್ಲಾದರೂ ತಪ್ಪಿ ‘ಹರಿ’ ಹಾಕಿದರೆ ಕಂಪನಿ ಹರಿದುಹೋಯಿತು ಎಂದಾಗುತ್ತದೆ, ಷೇರುದಾರರು ಸುಮ್ಮನಿರುವುದಿಲ್ಲ.