ಫಾರ್ಮ್ 3ರಲ್ಲಿ ಕೈಬಿಟ್ಟ ಅರ್ಜಿಯೂ ಇರಲಿ

ಶಿರಸಿ ಕಡೆಯ ವರ್ಕ್‌ಶಾಪ್ ಒಂದು ಅಡಿಕೆ ಸುಲಿಯುವ ಯಂತ್ರಕ್ಕೆ ಪೇಟೆಂಟ್ ಕೇಳಿದೆ ಎಂದುಕೊಳ್ಳಿ. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ಅಡಿಕೆ ಬೆಳೆಯುವ ಶ್ರೀಲಂಕಾ, ಇಂಡೋನೇಷ್ಯಾಗಳಲ್ಲೂ ಅರ್ಜಿ ಹಾಕಿದರೆ ಅದನ್ನು ಚೆನ್ನೈಗೆ ತಿಳಿಸಲೇಬೇಕು. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 8 ಹೇಳುವುದು ಇದನ್ನೇ. ತಿಳಿಸುವ ನಮೂನೆ ಫಾರ್ಮ್ 3. (ಇಲ್ಲಿ ನೆಲೆಸಿದವರು ಮೊದಲು ಭಾರತದಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಫಾರ್ಮ್ 25ರಲ್ಲಿ ಅನುಮತಿ ಪಡೆಯಬೇಕು. ಅದಕ್ಕೂ ಮುಂಚೆ ಹೊರದೇಶಕ್ಕೆ ಹೋಗುವಂತಿಲ್ಲ.)

ದೇಶ, ಅರ್ಜಿಯ ದಿನಾಂಕ, ಸಂಖ್ಯೆ, ಈಗಿನ ಸ್ಥಿತಿ, ಪ್ರಕಟಣೆಯ ದಿನ, ಮಂಜೂರಾದ ಅಥವಾ ವಿಲೇವಾರಿಯಾದ ದಿನ: ಕಾಲಂಗಳು ಇಷ್ಟೇ. ಯಾವ ಅರ್ಜಿ ಸೇರಬೇಕು ಎಂಬಲ್ಲೇ ಜನ ಎಡವುವುದು. ಆವಿಷ್ಕಾರ ಅದೇ ಆಗಿದ್ದರೆ ಅಥವಾ ಬಹುಮಟ್ಟಿಗೆ ಅದೇ ಆಗಿದ್ದರೆ ಬರೆಯಬೇಕು. ಶೀರ್ಷಿಕೆ ಬದಲಾಗಿ, ಕ್ಲೇಮ್‌ಗಳ (ಯಾವುದರ ಮೇಲೆ ಹಕ್ಕು ಕೇಳುತ್ತೀರಿ ಎನ್ನುವ ವಾಕ್ಯಗಳ) ಮಾತು ಬೇರೆಯಾಗಿದ್ದರೂ ಬ್ಲೇಡು-ರೋಲರುಗಳ ಜೋಡಣೆ ಅದೇ ಇದ್ದರೆ ಅದು ಸಂಬಂಧಿತ ಅರ್ಜಿಯೇ. ಪಿಸಿಟಿ ಅರ್ಜಿ (ಹಲವು ದೇಶಗಳಿಗೆ ಒಟ್ಟಿಗೆ ಹಾಕುವ ಅಂತರರಾಷ್ಟ್ರೀಯ ಅರ್ಜಿ), ಹೊರದೇಶದ ಡಿವಿಜನಲ್ (ಮೂಲ ಅರ್ಜಿಯಿಂದ ಒಂದು ಭಾಗ ಬೇರ್ಪಡಿಸಿ ಹಾಕಿದ್ದು), ನಿಮ್ಮಿಂದ ಹಕ್ಕು ಪಡೆದವರು ತಮ್ಮ ಹೆಸರಲ್ಲಿ ಹಾಕಿದ್ದು, ಇವೂ ಸೇರುತ್ತವೆ. ಹೆಚ್ಚಾಗಿ ಬಿಟ್ಟುಹೋಗುವುದು ಶುಲ್ಕ ಕಟ್ಟದೆ ಕೈಬಿಟ್ಟ ಅರ್ಜಿ. ಸತ್ತ ಅರ್ಜಿಯೆಂದು ಬಿಡಬೇಡಿ. ಸ್ಥಿತಿಯ ಕಾಲಂನಲ್ಲಿ ‘ಕೈಬಿಡಲಾಗಿದೆ’ ಎಂದು ಬರೆಯಿರಿ. ಅನುಮಾನ ಬಂದರೆ ಸೇರಿಸುವುದೇ ಸರಿ. ಹೆಚ್ಚುವರಿ ಸಾಲಿನಿಂದ ಪೇಟೆಂಟಿಗೆ ಕುತ್ತು ಬರುವುದಿಲ್ಲ, ಬಿಟ್ಟ ಸಾಲಿನಿಂದ ಬರಬಹುದು.

ಗಡುವು ಬದಲಾಗಿದ್ದು 2024ರ ಮಾರ್ಚ್ 15ರಿಂದ. ಮೊದಲ ಫಾರ್ಮ್ 3 ಅರ್ಜಿಯ ಜೊತೆಗೆ ಅಥವಾ ಆರು ತಿಂಗಳೊಳಗೆ. ಆಮೇಲೆ ಹೊರದೇಶದಲ್ಲಿ ಅರ್ಜಿ ಹಾಕಿದಾಗಲೆಲ್ಲ ಸಲ್ಲಿಸುವ ಹಳೆಯ ಪದ್ಧತಿ ಹೋಗಿ, ಮೊದಲ ಪರೀಕ್ಷಾ ವರದಿ (ಅರ್ಜಿ ಪರಿಶೀಲಿಸಿ ಕಚೇರಿ ತನ್ನ ಆಕ್ಷೇಪಗಳನ್ನು ತಿಳಿಸುವ ಪತ್ರ) ಹೊರಬಿದ್ದ ಮೂರು ತಿಂಗಳಲ್ಲಿ ಒಮ್ಮೆ ಪರಿಷ್ಕರಿಸಿ ಕೊಟ್ಟರೆ ಸಾಕು. ಪೇಟೆಂಟ್ ಕಚೇರಿಯ ಅಧಿಕಾರಿಯಾದ ಕಂಟ್ರೋಲರ್ ಕಾರಣ ದಾಖಲಿಸಿ ಮತ್ತೆ ಕೇಳಿದರೆ ಎರಡು ತಿಂಗಳು ಸಿಗುತ್ತದೆ. ತಡವಾದರೆ ಫಾರ್ಮ್ 4 ಹಾಕಿ ಶುಲ್ಕ ಕಟ್ಟಿ ಮೂರು ತಿಂಗಳವರೆಗೆ ವಿಸ್ತರಣೆ ಕೇಳಬಹುದು. ವರದಿಗೆ ಉತ್ತರಿಸಲು ಆರು ತಿಂಗಳಿದೆ, ಫಾರ್ಮ್ 3ಕ್ಕೆ ಮೂರೇ. ಎರಡನ್ನೂ ಒಟ್ಟಿಗೆ ಕಳಿಸಿದರಾಯಿತು ಎಂದು ಕೂತವರ ಗಡುವು ಮೀರುವುದು ಇಲ್ಲಿಯೇ.

ಮಾಹಿತಿ ಕೊಡದಿರುವುದು ಸೆಕ್ಷನ್ 25ರಡಿ ವಿರೋಧಕ್ಕೂ 64(1)(ಎಂ) ಅಡಿ ರದ್ದತಿಗೂ ಆಧಾರ. ಫಿಲಿಪ್ಸ್ ಕಂಪನಿಯ ಪೇಟೆಂಟ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2014ರಲ್ಲಿ, ಇದರಿಂದ ಪೇಟೆಂಟ್ ತಾನಾಗಿ ರದ್ದಾಗದು, ಅದು ನ್ಯಾಯಾಲಯದ ವಿವೇಚನೆ ಎಂದಿತು. ಆದರೂ ನಕಲು ಯಂತ್ರ ಮಾರುವವನ ಮೇಲೆ ದಾವೆ ಹೂಡಿದಾಗ ಅವನ ವಕೀಲರು ತಡಕುವ ಕಡತಗಳಲ್ಲಿ ಫಾರ್ಮ್ 3 ಇದ್ದೇ ಇರುತ್ತದೆ. ಆದ್ದರಿಂದ ಪರೀಕ್ಷಾ ವರದಿ ಬಂದ ದಿನವೇ ಪ್ರತಿ ದೇಶದ ಏಜೆಂಟರಿಗೂ ಮೇಲ್ ಹಾಕಿ ಸ್ಥಿತಿ ತರಿಸಿಕೊಳ್ಳಿ.