ಚಳಿನಾಡಿನ ಜೌಗಿನ ಮೀಥೇನ್ ಲೆಕ್ಕ, ನಮ್ಮ ಕೆರೆಗಳಿಗೆ ತರುವಾಗ

ಕೋಲಾರ, ತುಮಕೂರು ಕಡೆ ಕೆರೆಗಳ ಮೀಥೇನ್ ಮೇಲೆ ಪ್ರಾಜೆಕ್ಟ್ ಮಾಡುವವರು ಅಳತೆಯ ವಿಧಾನಕ್ಕಾಗಿ ಹೆಚ್ಚಾಗಿ ಓದುವುದು ಸ್ವೀಡನ್, ಫಿನ್ಲೆಂಡ್, ಅಲಾಸ್ಕಾದ ಪ್ರಬಂಧಗಳನ್ನು. ಓದಲೇಬೇಕು. ಆದರೆ ಅಲ್ಲಿಂದ ತರಬೇಕಾದ್ದು ವಿಧಾನ, ಅಂಕಿಗಳಲ್ಲ. ಎರಡನ್ನೂ ಬಿಡಿಸಿ ನೋಡಬೇಕಾದರೆ ಅಲ್ಲಿ ಹೇಗೆ ಅಳೆಯುತ್ತಾರೆ ಅಂತ ಗೊತ್ತಿರಬೇಕು.

ಮೀಥೇನ್ ಹುಟ್ಟುವುದು ಗಾಳಿಯಾಡದ ಕೆಸರಿನಲ್ಲಿ. ಹೊರಬರಲು ಅದಕ್ಕೆ ಮೂರು ದಾರಿ: ನೀರಿನಲ್ಲಿ ಕರಗಿ ಮೆಲ್ಲಗೆ ಮೇಲೇರುವುದು, ಗುಳ್ಳೆಯಾಗಿ ಚಿಮ್ಮುವುದು, ಜೊಂಡಿನಂಥ ಗಿಡದ ಟೊಳ್ಳು ಕಾಂಡದೊಳಗಿಂದ ಹೊರಬೀಳುವುದು. ಮೆಲ್ಲಗೆ ಏರುವ ಅನಿಲದಲ್ಲಿ ಬಹುಪಾಲನ್ನು ಮೇಲ್ಪದರದ ಬ್ಯಾಕ್ಟೀರಿಯಾಗಳು ತಿಂದುಬಿಡುತ್ತವೆ. ಗುಳ್ಳೆ ಮತ್ತು ಕಾಂಡದ ದಾರಿ ಆ ಪದರವನ್ನು ತಪ್ಪಿಸಿಕೊಂಡು ಹೋಗುತ್ತದೆ. ಅದಕ್ಕೇ ನೀರಿನ ಮಟ್ಟ, ಮಣ್ಣಿನ ಉಷ್ಣಾಂಶ, ಗಿಡದ ಜಾತಿ ಈ ಮೂರನ್ನೂ ಪ್ರತಿ ಅಳತೆಯ ಜೊತೆ ಬರೆದುಕೊಳ್ಳಬೇಕು.

ಸಾಮಾನ್ಯ ಸಾಧನ ಚೇಂಬರ್. ತಳವಿಲ್ಲದ ಚೌಕಟ್ಟೊಂದನ್ನು ಪೀಟ್ ಮಣ್ಣಿನೊಳಗೆ (ಅರೆಕೊಳೆತ ಗಿಡಗಳಿಂದಾದ ಜೌಗು ಮಣ್ಣು) 10ರಿಂದ 20 ಸೆಂ.ಮೀ. ಇಳಿಸಿ, ಕೆಲವು ವಾರ ಹಾಗೇ ಬಿಡುತ್ತಾರೆ. ಕತ್ತರಿಸಿದ ಬೇರುಗಳ ಪರಿಣಾಮ ಅಷ್ಟರಲ್ಲಿ ತಣಿಯಬೇಕು. ಓಡಾಡಲು ಹಲಗೆ ಹಾಸಿರುತ್ತಾರೆ. ಪಕ್ಕದಲ್ಲಿ ಕಾಲಿಟ್ಟರೆ ಕೆಸರು ಒತ್ತಿ ಗುಳ್ಳೆ ಎದ್ದು, ಅಳತೆ ಶುರುವಿಗೇ ಕೆಡುತ್ತದೆ. ಚೌಕಟ್ಟಿನ ಅಂಚಿನ ಕಾಲುವೆಗೆ ನೀರು ಸುರಿದು ಮುಚ್ಚಳ ಕೂರಿಸುತ್ತಾರೆ. ಒಳಗೊಂದು ಸಣ್ಣ ಫ್ಯಾನ್, ಒಳಗಿನ ಒತ್ತಡ ಏರದಂತೆ ತೆಳುವಾದೊಂದು ಕೊಳವೆ. 0, 5, 10, 15, 20ನೇ ನಿಮಿಷಕ್ಕೆ ಸಿರಿಂಜಿನಲ್ಲಿ ಗಾಳಿ ತೆಗೆದು ವಯಲ್‌ಗೆ ತುಂಬಿ, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಕಳಿಸುತ್ತಾರೆ. ಮೊದಲ ಸ್ಯಾಂಪಲ್ ಸುಮಾರು 2 ಪಿಪಿಎಂ (ಹತ್ತು ಲಕ್ಷ ಅಣುಗಳಲ್ಲಿ ಎರಡು ಮೀಥೇನ್) ಇರಬೇಕು, ಹೊರಗಿನ ಗಾಳಿಯಷ್ಟೇ. 5 ಬಂತೆಂದರೆ ಮುಚ್ಚಳ ಇಡುವಾಗಲೇ ಯಾರೋ ಕೆಸರು ಕದಡಿದ್ದಾರೆ.

ಈಗ ಲೆಕ್ಕ. ಚೇಂಬರಿನ ಎತ್ತರ 30 ಸೆಂ.ಮೀ., ಒಳಗೆ ನಿಮಿಷಕ್ಕೆ 0.2 ಪಿಪಿಎಂ ಏರಿಕೆ ಅಂತಿಟ್ಟುಕೊಳ್ಳಿ. ಸಮುದ್ರಮಟ್ಟದಲ್ಲಿ, 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 43 ಮೋಲ್ ಅಣುಗಳಿರುತ್ತವೆ. ಏರಿಕೆ, ಎತ್ತರ, ಮೋಲ್, ದಿನದ 1440 ನಿಮಿಷ, ಮೀಥೇನಿನ ಮೋಲಿಗೆ 16 ಗ್ರಾಂ ಇವನ್ನೆಲ್ಲ ಗುಣಿಸಿದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 60 ಮಿಲಿಗ್ರಾಂ ಮೀಥೇನ್. ಅದೇ ಏರಿಕೆ ಕೋಲಾರದ ಕೆರೆಯಲ್ಲಿ 30 ಡಿಗ್ರಿಯಲ್ಲಿ ಸಿಕ್ಕರೆ? ನಾವು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದ್ದೇವೆ, ಗಾಳಿಯ ಒತ್ತಡ ಸುಮಾರು 92 ಕಿಲೋಪ್ಯಾಸ್ಕಲ್. ಮೋಲ್ ಲೆಕ್ಕ 36ರ ಆಸುಪಾಸಿಗೆ ಇಳಿಯುತ್ತದೆ, ಉತ್ತರ 50 ಮಿಲಿಗ್ರಾಂ. ಎಕ್ಸೆಲ್ ಹಾಳೆಯಲ್ಲಿ ಒತ್ತಡದ ಕಾಲಂನಲ್ಲಿ ಸಮುದ್ರಮಟ್ಟದ 101.3 ಹಾಗೇ ಉಳಿದಿದೆಯಾ ಅಂತ ಮೊದಲು ನೋಡಿ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ನಿಮಿಷಕ್ಕೆ ಎದುರಾಗಿ ಪಿಪಿಎಂ ಬರೆದ ಗೆರೆ ನೇರ ಬರಲಿಲ್ಲವೆಂದು ಅಳತೆಯನ್ನೇ ಬಿಸಾಡುವುದು. ಹೊರಸೂಸುವಿಕೆ ತೀರಾ ಕಡಿಮೆ ಇರುವ ಜಾಗದಲ್ಲಿ ಆರ್-ಸ್ಕ್ವೇರ್ (ಬಿಂದುಗಳು ನೇರ ಗೆರೆಗೆ ಎಷ್ಟು ಹೊಂದುತ್ತವೆ ಎನ್ನುವ ಅಂಕಿ) ಹೇಗೂ ಕಡಿಮೆಯೇ ಬರುತ್ತದೆ. ಅವನ್ನೆಲ್ಲ ತೆಗೆದರೆ ಉಳಿದ ಸರಾಸರಿ ಸುಳ್ಳಾಗಿ ಏರುತ್ತದೆ. ನಡುವೆ ಗುಳ್ಳೆ ಬಂದು ಗೆರೆ ಜಿಗಿದರೆ ಅದೂ ನಿಜವಾದ ಮೀಥೇನೇ. ಕಾಲಿಟ್ಟು ಎಬ್ಬಿಸಿದ ಗುಳ್ಳೆಯನ್ನು ಬಿಡಿ, ತಾನಾಗಿ ಬಂದದ್ದನ್ನು ಇಟ್ಟುಕೊಳ್ಳಿ, ಆದರೆ ಬೇರೆಯಾಗಿ ಬರೆಯಿರಿ.

ಯಂತ್ರ ಎಷ್ಟೇ ಚೆನ್ನಾಗಿರಲಿ, ಅಂದಾಜು ನಿಲ್ಲುವುದು ಜಾಗ ಮತ್ತು ಕಾಲದ ಮೇಲೆ. ಒಂದು ಜೌಗಿನಲ್ಲಿ ಒಣ ದಿಬ್ಬ 60%, ಒದ್ದೆ ತಗ್ಗು 30%, ಜೊಂಡುಹುಲ್ಲು 10% ಇದ್ದು, ಹೊರಸೂಸುವಿಕೆ ಕ್ರಮವಾಗಿ 10, 80, 200 ಮಿಲಿಗ್ರಾಂ ಅಂತ ಇಟ್ಟುಕೊಳ್ಳೋಣ. ಮೂರರ ಸರಾಸರಿ 97. ವಿಸ್ತೀರ್ಣಕ್ಕೆ ತಕ್ಕಂತೆ ತೂಗಿದರೆ 50. ಮೊದಲನೆಯದು ನೀರಾವರಿ ಗದ್ದೆಯ ಇಳುವರಿ ನೋಡಿ ಪಾವಗಡ ತಾಲ್ಲೂಕಿನ ರಾಗಿ ಲೆಕ್ಕ ಹಾಕಿದ ಹಾಗೆ.

ಕಾಲದ ಪಾಠ ಇನ್ನೂ ಗಟ್ಟಿ. ಬೇಸಿಗೆಯಲ್ಲಿ ಮಾತ್ರ ಅಳೆದು ಚಳಿಗಾಲಕ್ಕೆ ಸೊನ್ನೆ ಹಾಕುವುದು ಮೊದಲು ರೂಢಿಯಲ್ಲಿತ್ತು. ಗ್ರೀನ್‌ಲೆಂಡಿನ ಝಾಕೆನ್‌ಬರ್ಗ್‌ನಲ್ಲಿ 2007ರಲ್ಲಿ ನೆಲ ಹೆಪ್ಪುಗಟ್ಟುವ ಹೊತ್ತಿಗೂ ಚೇಂಬರ್‌ಗಳನ್ನು ನಡೆಸಿದರು. ಆ ಹೊತ್ತಿನಲ್ಲಿ ಹೊರಬಿದ್ದ ಮೀಥೇನ್ ಇಡೀ ಬೇಸಿಗೆಯದಕ್ಕೆ ಸಮ ಎನ್ನುವಷ್ಟಿತ್ತು. ಅಲಾಸ್ಕಾದ ಟಂಡ್ರಾದಲ್ಲಿ ಸೆಪ್ಟೆಂಬರ್‌ನಿಂದ ಮೇ ತನಕದ ಪಾಲು ವರ್ಷದ ಅರ್ಧ ಅಥವಾ ಅದಕ್ಕೂ ಹೆಚ್ಚು ಎಂದು 2016ರಲ್ಲಿ ಪ್ರಕಟವಾಯಿತು. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖದಿಂದ ನೆಲದೊಳಗೆ ಉಷ್ಣಾಂಶ ವಾರಗಟ್ಟಲೆ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಮೇಲೆ ಹಿಮ ಬಿದ್ದಿದ್ದರೂ ಕೆಳಗೆ ಸೂಕ್ಷ್ಮಜೀವಿಗಳ ಕೆಲಸ ನಡೆದೇ ಇರುತ್ತದೆ.

ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2013ರ ಜೌಗುಪ್ರದೇಶ ಪೂರಕ ಕೈಪಿಡಿಯಲ್ಲಿ, ಮತ್ತೆ ನೀರು ತುಂಬಿಸಿದ ಉತ್ತರದ ಚಳಿವಲಯದ ಪೀಟ್ ನೆಲಕ್ಕೆ ಹೆಕ್ಟೇರಿಗೆ ವರ್ಷಕ್ಕೆ 41 ಕೆ.ಜಿ. ಎಂದಿದೆ, ಪೋಷಕಾಂಶ ಹೆಚ್ಚಿದ್ದರೆ 137. ಇದು ಮೀಥೇನಿನಲ್ಲಿರುವ ಇಂಗಾಲದ ತೂಕ. 16/12ರಿಂದ ಗುಣಿಸದಿದ್ದರೆ ಮೀಥೇನ್ ಕಾಲುಭಾಗ ಕಡಿಮೆ ತೋರುತ್ತದೆ.

ಈ ಅಂಕಿಗಳನ್ನು ನಮ್ಮ ಕೆರೆಗೆ ಹಚ್ಚಬೇಡಿ. ಇಲ್ಲಿ ಹೆಪ್ಪುಗಟ್ಟುವ ತಿಂಗಳಿಲ್ಲ, ಕೆರೆಯಂಗಳ ಒಣಗಿ ಬಿರುಕು ಬಿಡುವ ತಿಂಗಳುಂಟು. ಬಿರುಕಿನೊಳಗೆ ಗಾಳಿ ಹೋದರೆ ಮೀಥೇನ್ ಹುಟ್ಟುವುದು ನಿಲ್ಲುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದ ಕೋಲಾರದ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತರೆ ಕೆಸರಿಗೆ ಆ ಬಿಡುವು ಸಿಗುವುದಿಲ್ಲ. ಹಾಗಾಗಿ ಅಂಥದ್ದೊಂದು ಕೆರೆಯನ್ನೂ ಮಳೆಯನ್ನೇ ನಂಬಿದ ಇನ್ನೊಂದನ್ನೂ ಜೊತೆಜೊತೆಗೆ ಅಳೆಯಿರಿ: ತೇಲುವ ಚೇಂಬರ್, ಗುಳ್ಳೆಗೆ ತಲೆಕೆಳಗಾದ ಫನಲ್, ತಳದ ಕೆಸರಿನ ಉಷ್ಣಾಂಶ, ನೀರಿನ ಆಳ. ಹಗಲು ಮಾತ್ರ ಸಾಲದು, ರಾತ್ರಿಯೂ ಬೇಕು. ಅಂಗಳ ಒಣಗುವ ವಾರಗಳಲ್ಲೂ ಮೊದಲ ಮಳೆಗೆ ನೀರು ತುಂಬುವ ವಾರಗಳಲ್ಲೂ ಅಳತೆ ಹೆಚ್ಚಿಸಿ.