ಬೋರ್ಡಿನ ಮೇಲೆ ಬರೆದ ಆ ಸಮ ಚಿಹ್ನೆ

ಕಾಸರಗೋಡಿನ ಒಳನಾಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಗಣಿತ ಟೀಚರ್. ಹತ್ತನೇ ಕ್ಲಾಸಿನವರಿಗೆ ಸಂಖ್ಯೆಗಳ ವಿಧಗಳನ್ನು ಮೊದಲಿಂದ ನೆನಪು ಮಾಡಿಸುತ್ತಿದ್ದೆ. ಅಭಾಗಲಬ್ಧ ಸಂಖ್ಯೆಗೆ, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ್ದಕ್ಕೆ, ಉದಾಹರಣೆಯಾಗಿ ವರ್ಗಮೂಲ 2, ವರ್ಗಮೂಲ 3, ಪೈ ಎಂದು ಬರೆದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು.

"ಟೀಚರ್, ಪೈ ಅಂದ್ರೆ 22/7 ಅಂತ ನೀವೇ ಬರೆಸಿದ್ದಲ್ವಾ? ಅದು ಭಿನ್ನರಾಶಿ. ಮತ್ತೆ ಭಾಗಲಬ್ಧ ಅಲ್ಲ ಅಂದ್ರೆ ಹೇಗೆ?"

ಒಂಬತ್ತನೆಯ ನೋಟ್ಸು ತಂದು ತೋರಿಸಿದಳು. ವೃತ್ತದ ಪಾಠ. ಪೈ = 22/7. ಪಕ್ಕದಲ್ಲಿ ಕೆಂಪು ಪೆನ್ನಿನ ನನ್ನದೇ ರೈಟು.

ಅವಳು ಕೇಳಿದ್ದು ಸರಿ. ನಾನು ಬರೆಸಿದ್ದು ತಪ್ಪು. ಅದನ್ನು ಕ್ಲಾಸಿಗೆ ಹೇಳಿ, ಬೋರ್ಡ್ ಒರೆಸಿ, 22ನ್ನು 7ರಿಂದ ಭಾಗಿಸಲು ಅವಳನ್ನೇ ಕರೆದೆ. ಶೇಷಗಳನ್ನು ಬದಿಯಲ್ಲಿ ಬರೆಯುತ್ತಾ ಹೋಗು ಅಂದೆ. 1, 3, 2, 6, 4, 5, ಆಮೇಲೆ ಮತ್ತೆ 1. ಉತ್ತರ 3.142857 142857... ಏಳರಿಂದ ಭಾಗಿಸಿದಾಗ ಸೊನ್ನೆ ಬಾರದಿದ್ದರೆ ಶೇಷವಾಗಿ ಉಳಿಯಬಲ್ಲವು ಆರೇ ಅಂಕೆಗಳು. ಆರೂ ಮುಗಿದ ಮೇಲೆ ಹಳೆಯದು ಬರಲೇಬೇಕು, ಅಲ್ಲಿಂದ ಅದೇ ಸುತ್ತು. ಯಾವ ಭಿನ್ನರಾಶಿಗೂ ಇದೇ ಗತಿ: ಭಾಗಾಕಾರ ಮುಗಿಯುತ್ತದೆ, ಇಲ್ಲವೇ ಸುತ್ತು ಹೊಡೆಯುತ್ತದೆ. ಅದರ ಕೆಳಗೆ ಪೈ ಬರೆದೆ, 3.141592... ಮೂರನೆಯ ದಶಮಾಂಶದಲ್ಲೇ ದಾರಿ ಬೇರೆಯಾಗಿದೆ. ಇದು ಎಷ್ಟು ದೂರ ಹೋದರೂ ಮುಗಿಯುವುದೂ ಇಲ್ಲ, ಸುತ್ತು ಹೊಡೆಯುವುದೂ ಇಲ್ಲ. ಹಾಗೆಂದು 1761ರಲ್ಲಿ ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿ ತೋರಿಸಿದ.

ಎರಡು ಮೀಟರ್ ವ್ಯಾಸದ ಬಾವಿಯ ಸುತ್ತಳತೆಗೆ 22/7 ಹಾಕಿದರೆ ತಪ್ಪುವುದು ಎರಡೂವರೆ ಮಿಲಿಮೀಟರ್. ಬಾವಿಕಟ್ಟೆ ಕಟ್ಟುವವರಿಗೆ ಅಷ್ಟು ಸಾಕು. ಸಂಖ್ಯೆ ಯಾವ ಜಾತಿಯದ್ದು ಎಂದು ಕೇಳುವಾಗ ಸಾಲದು. ಆರ್ಯಭಟ 499ರಲ್ಲೇ ಪೈಗೆ 62832/20000 ಕೊಟ್ಟು, ಅದನ್ನು 'ಆಸನ್ನ' ಎಂದ, ಅಂದರೆ ಹತ್ತಿರದ್ದು. ಹಾಗೇಕೆ ಅಂದ ಎಂಬುದನ್ನು ಕೇರಳದ ಗಣಿತಜ್ಞ ನೀಲಕಂಠ ಸೋಮಯಾಜಿ ತಮ್ಮ ಭಾಷ್ಯದಲ್ಲಿ ಬಿಡಿಸಿದ್ದಾರೆ: ಯಾವ ಅಳತೆಗೋಲಿನಿಂದ ವ್ಯಾಸ ಶೇಷವಿಲ್ಲದೆ ಅಳೆದು ಮುಗಿಯುತ್ತದೋ, ಅದೇ ಕೋಲಿನಿಂದ ಪರಿಧಿ ಅಳೆದರೆ ಶೇಷ ಉಳಿಯುತ್ತದೆ. 'ಆಸನ್ನ' ಎಂಬ ಆ ಒಂದು ಮಾತನ್ನು ನಾನು ಬಿಟ್ಟುಬಿಟ್ಟಿದ್ದೆ.

ನಮ್ಮ ಮಕ್ಕಳಿಗೆ ಹೆಸರುಗಳ ತೊಡಕೂ ಇದೆ. ಭಾಗಾಕಾರದ ಉತ್ತರಕ್ಕೂ ಭಾಗಲಬ್ಧ, ಸಂಖ್ಯೆಯ ವಿಧಕ್ಕೂ ಭಾಗಲಬ್ಧ. ಸೊನ್ನೆಯಿಂದ ಶುರುವಾಗುವವು ಪೂರ್ಣ ಸಂಖ್ಯೆ, ಋಣ ಸೇರಿದರೆ ಪೂರ್ಣಾಂಕ. ಮಲಯಾಳಂ ಟ್ಯೂಷನ್ನಿಗೆ ಹೋಗುವವರು ಭಾಗಲಬ್ಧ, ಅಭಾಗಲಬ್ಧಗಳನ್ನು ಭಿನ್ನಕ, ಅಭಿನ್ನಕ ಎಂದು ಕಲಿತು ಬರುತ್ತಾರೆ. ಋಣ ಸಂಖ್ಯೆ ಮಾತ್ರ ಕಷ್ಟವಾಗುವುದಿಲ್ಲ. ಅಡಿಕೆ ಮಾರಿದ ಮೇಲೂ ಸೊಸೈಟಿ ಸಾಲ ಉಳಿಯುವುದನ್ನು ಮನೆಯಲ್ಲೇ ಕಂಡವರು.

ಈಗ ನಾನು ವ್ಯಾಖ್ಯೆ ಬರೆಸುವ ಮೊದಲು ಚೀಟಿ ಹಂಚುತ್ತೇನೆ: ವರ್ಗಮೂಲ 9, 0.333..., 22/7, ವರ್ಗಮೂಲ 8, −4, ಕೊನೆಗೆ 0.101001000100001... ಮೂಲಚಿಹ್ನೆ ಕಂಡ ಕೂಡಲೇ ಅಭಾಗಲಬ್ಧ ಅನ್ನುವವರಿಗೆ ವರ್ಗಮೂಲ 9 ಎಂದರೆ ಬರೀ 3 ಎಂದು ಪಕ್ಕದವರೇ ಹೇಳುತ್ತಾರೆ. ಮುಗಿಯದ ದಶಮಾಂಶಕ್ಕೆ ಹೆದರುವವರು 0.333... ಒಂದನ್ನು ಮೂರರಿಂದ ಭಾಗಿಸಿ ಬಂದದ್ದು ಎಂದು ತಾವೇ ಕಂಡುಕೊಳ್ಳುತ್ತಾರೆ. ಹೆಚ್ಚು ಜಗಳ ಆಗುವುದು ಆ ಕೊನೆಯ ಚೀಟಿಗೆ. "ಇದರಲ್ಲಿ ಕ್ರಮ ಇದೆಯಲ್ಲಾ ಟೀಚರ್, ಮುಂದಿನದ್ದು ಏನಂತ ನಾನು ಹೇಳ್ತೇನೆ" ಎಂದು ಒಬ್ಬ ಹಟ ಹಿಡಿದ. ಕ್ರಮ ಇದೆ, ನಿಜ. ಸುತ್ತು ಎಲ್ಲಿಂದ ಶುರು, ಗೆರೆ ಎಳೆದು ತೋರಿಸು ಮಗಾ ಅಂದೆ. ಸ್ಕೇಲು ಹಿಡಿದು ಬೋರ್ಡಿನ ಮುಂದೆ ತುಂಬಾ ಹೊತ್ತು ನಿಂತ. ಪ್ರತಿ ಸಲ ಒಂದು ಸೊನ್ನೆ ಹೆಚ್ಚು ಬರುತ್ತಿತ್ತು.